ದೂರವಾಗಿ ಕಂಡ ಲೋಟ

ಬಂಧುಗಳೇ, ಕೈಗೆಲಸ ಬದಿಗಿಟ್ಟು ಒಂದಿಷ್ಟು ಕಿವಿಗೊಡಿ. ಇದು ಒಬ್ಬ ಬಡಗಿಯ ಕಥೆ.

ಕಣ್ಣಂದಾಜಿನಲ್ಲೇ ಹಲಗೆ ಕೊಯ್ಯುತ್ತಿದ್ದ ಆತನನ್ನು ಬೀದಿಯವರು 'ಅಳತೆಗಣ್ಣ' ಎಂದು ಕರೆಯುತ್ತಿದ್ದರು. ಒಮ್ಮೆ ಚಕ್ಕೆ ಸಿಡಿದು ಎಡಗಣ್ಣು ಹೋಯಿತು. ಹೆಸರು ಉಳಿಯಿತು, ದೇವರ ದಯೆಯಿಂದ ಕೆಲಸವೂ ಉಳಿಯಿತು. ಒಂಟಿಗಣ್ಣಿಗೆ ದೂರ, ಹತ್ತಿರ ಸರಿಯಾಗಿ ತಿಳಿಯದೆಂದು ವೈದ್ಯರು ಎಚ್ಚರಿಸಿದ್ದರು. ಆದರೆ ಉಳಿ, ಸುತ್ತಿಗೆ, ಗರಗಸಗಳು ಆತನಿಗೆ ಒಡಹುಟ್ಟಿದವರಿದ್ದಂತೆ. ಯಾವುದು ಎಷ್ಟು ದೊಡ್ಡದೆಂದು ಅಂಗೈ ಬಲ್ಲದು. ಎಷ್ಟು ಚಿಕ್ಕದಾಗಿ ಕಂಡರೆ ಎಷ್ಟು ದೂರವೆಂದು ಮನಸ್ಸು ತಾನೇ ತಿಳಿದುಕೊಳ್ಳುತ್ತಿತ್ತು. ಚಾಚಿದ ಕೈ ಗುರಿ ತಪ್ಪುತ್ತಿರಲಿಲ್ಲ.

ಬೆಳಗಿನ ಚಹಾ ಬಗ್ಗಿಸುವುದೂ ಆತನದೇ ಪಾಲು. ಅಂದು ಮೇಜಿನ ಮೇಲೆ ಬಿಳಿಯ ಬಟ್ಟೆ, ಅದರ ಮೇಲೆ ಮಗಳು ಹೊಸದಾಗಿ ತಂದುಕೊಟ್ಟ ನೀಲಿ ಲೋಟಗಳು. ಆತ ಬಗ್ಗಿಸಿದ ಚಹಾ ಲೋಟವನ್ನು ದಾಟಿ ಆಚೆ ಬಟ್ಟೆಯ ಮೇಲೆ ಬಿತ್ತು. ಮತ್ತೆ ಬಗ್ಗಿಸಿದ, ಮತ್ತೆ ಹಾಗೆಯೇ ಆಯಿತು.

"ಏನ್ರೀ, ಮೇಜಿಗೂ ಚಹಾ ಬೇಕಂತಾ?" ಎಂದಳು ಹೆಂಡತಿ.

ಆತ ನಗಲಿಲ್ಲ. ಎದ್ದು ಪಕ್ಕದ ಕೆಲಸದ ಕೋಣೆಗೆ ಹೋಗಿ, ಉಳಿಗಳಿಗೆ ಎಣ್ಣೆ ಸವರಿ ಗೋಣಿಯಲ್ಲಿ ಸುತ್ತತೊಡಗಿದ. ಕುರುಡನ ಕೈಗೆ ಗರಗಸ ಕೊಟ್ಟರೆ ಬೆರಳು ಉಳಿಯುವುದುಂಟೇ? ಹೆಂಡತಿ ಹಿಂದೆಯೇ ಬಂದಳು.

"ಇದೇನಿದು?"

"ಇದ್ದೊಂದು ಕಣ್ಣೂ ಹೋಗ್ತಿದೆ ಕಣೇ. ಲೋಟ ದೂರ ಇದೆ ಅಂತ ಬಗ್ಗಿಸ್ದೆ. ನೋಡಿದ್ರೆ ಮೂಗಿನ ಕೆಳಗೇ ಇತ್ತು."

"ಆ ಸುತ್ತಿಗೆ ತಗೊಳ್ಳಿ, ನೋಡೋಣ."

ಕೈ ನೇರವಾಗಿ ಹಿಡಿಗೇ ಹೋಯಿತು.

"ಸುತ್ತಿಗೆ ಕಾಣ್ಸತ್ತೆ, ಲೋಟ ಕಾಣ್ಸಲ್ವಾ? ಬನ್ನಿ ಒಳಗೆ."

ಆಕೆ ಹಳೆಯ ಲೋಟವೊಂದನ್ನು ತಂದು ಹೊಸದರ ಪಕ್ಕಕ್ಕಿಟ್ಟಳು. ಅದೇ ನೀಲಿ, ಅದೇ ಆಕಾರ. ಹೊಸದು ಮಾತ್ರ ಗಿಡ್ಡ.

"ಓ, ಇದು ಅದರ ತಮ್ಮ," ಎಂದ ಆತ, ನಿಧಾನವಾಗಿ. "ಅದೇ ಅಳತೆ ಲೋಟ ಅಂದ್ಕೊಂಡೆ. ಚಿಕ್ಕದಾಗಿ ಕಂಡಿದ್ದಕ್ಕೆ ದೂರ ಇದೆ ಅಂತ ಕೈ ಚಾಚ್ದೆ."

"ಅಳತೆಗಣ್ಣನ ಅಳತೆ ತಪ್ಪಿತು ಅಂತ ಬೀದಿಗೆಲ್ಲ ಹೇಳ್ಲಾ?"

"ಹೇಳು. ಮೊದ್ಲು ಚಹಾ ಕುಡಿ."

ಗಿಡ್ಡ ಲೋಟವನ್ನು ಎತ್ತಿ, ತಿರುಗಿಸಿ, ಅಂಚಿನ ಮೇಲೆ ಬೆರಳಾಡಿಸಿ ಕೆಳಗಿಟ್ಟು ಬಗ್ಗಿಸಿದ. ಹನಿಯೂ ಹೊರಬೀಳಲಿಲ್ಲ. ಉಳಿಗಳು ಮತ್ತೆ ಗೋಡೆಯ ಮೊಳೆಗಳಿಗೇರಿದವು. ಅಂದಿನಿಂದ ಮನೆಗೆ ಬಂದ ಹೊಸ ವಸ್ತುವನ್ನು ಕೈಯಲ್ಲಿ ಹಿಡಿದು ಪರಿಚಯ ಮಾಡಿಕೊಳ್ಳದೆ ಆತ ಬಳಸಿದ್ದಿಲ್ಲ.

ಹಳೆಯ ಪರಿಚಯ ದೇವರು ಕೊಟ್ಟ ವರ. ಹೊಸದರ ಮೇಲೆ ಅದನ್ನು ಹೊರಿಸಿದರೆ ಕಣ್ಣಿದ್ದೂ ತಪ್ಪುತ್ತೇವೆ. ಆದ್ದರಿಂದ ಬಂಧುಗಳೇ, ನಿಮ್ಮ ಮುಂದೆ ಬಂದದ್ದು ವಸ್ತುವಾಗಲಿ, ಮನುಷ್ಯನಾಗಲಿ, ದೂರದ್ದೆಂದು ತೀರ್ಮಾನಿಸುವ ಮುನ್ನ ನೀವೂ ಒಮ್ಮೆ ಹತ್ತಿರ ಹೋಗಿ ಮುಟ್ಟಿ ನೋಡಿರೆಂದು ಕೈಮುಗಿದು ಕೇಳುತ್ತೇನೆ.