ಹೀಟರ್ ನಾಬಿನ ಹಿಂದೆ

ಅಣ್ಣಾ, ಆ ದಿನ ನಿನ್ನ ರಟ್ಟೆಗೆ ಏನೂ ಆಗಿರಲಿಲ್ಲ. ಆಗಿದ್ದು ಕಾರಿಗೆ. ಮಾಡಿದವಳು ನಾನು — ನಿನ್ನ ತಂಗಿ ಹುಲಿಗೆವ್ವ.

ನಾಲ್ಕು ವರ್ಷದಿಂದ ಈ ಮಾತು ನಾಲಿಗೆಯ ತುದಿಗೆ ಬಂದು ವಾಪಸು ಹೋಗಿದೆ. ನೀನು ಎದುರಿಗೆ ಕುಳಿತರೆ ನನಗೆ ಮೊದಲು ನಗು ಬರುತ್ತದೆ, ನಗು ಮುಗಿಯುವಷ್ಟರಲ್ಲಿ ಧೈರ್ಯ ಹೋಗಿರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಪೂರ್ತಿ ಓದಿದ ಮೇಲೆ ಬೈ.

ಅಪ್ಪನ ಕೆಂಪು ಕಾರಿನಿಂದಲೇ ಶುರು ಮಾಡುತ್ತೇನೆ. ಮುನಿರಾಬಾದಿನ ಡ್ಯಾಮ್ ಕಾಲೊನಿಯಲ್ಲಿ ಅಪ್ಪ ಸರ್ಕಾರಿ ಜೀಪು ಓಡಿಸುತ್ತಿದ್ದ ಕಾಲದಲ್ಲಿ, ವರ್ಗವಾಗಿ ಹೊರಟ ಸಾಹೇಬರೊಬ್ಬರು ಶೆಡ್ಡಿನಲ್ಲಿ ತುಕ್ಕು ಹಿಡಿಯುತ್ತಿದ್ದ ತಮ್ಮ ವಿಲಾಯ್ತಿ ಸ್ಪೋರ್ಟ್ಸ್ ಕಾರನ್ನು ಅಪ್ಪನಿಗೆ ಬಿಟ್ಟುಹೋದರು. ಎರಡೇ ಸೀಟು, ಮೇಲೆ ಛಾವಣಿಯಿಲ್ಲ, ಉದ್ದನೆಯ ಮೂತಿ. ಇರಕಲ್ಲಗಡದ ನಮ್ಮ ಓಣಿಗೆ ಅದು ಬಂದ ದಿನ ಎಮ್ಮೆಗಳು ಸಹ ದಾರಿ ಬಿಟ್ಟು ನಿಂತು ನೋಡಿದ್ದವು. ಓಡುವಾಗ ಅದರಷ್ಟು ಹಗುರ ಯಾವುದೂ ಇಲ್ಲ. ನಿಂತಲ್ಲಿ ಸ್ಟೇರಿಂಗ್ ತಿರುಗಿಸಬೇಕೆಂದರೆ ಮಾತ್ರ ಹಲ್ಲು ಕಚ್ಚಬೇಕು. ಅದರ ಅಳತೆಯ ಟೈರು ಸಿಗದೆ ಅಗಲ ಟೈರು ಹಾಕಿಸಿದ ಮೇಲಂತೂ ಕೇಳುವುದೇ ಬೇಡ.

ನೀನು ಊರ ಗರಡಿಯ ಪೈಲ್ವಾನ. ಕಾರಹುಣ್ಣಿಮೆಯ ಪಂದ್ಯದಲ್ಲಿ ಕಲ್ಲಿನ ಗುಂಡು ಎತ್ತಿ ಹೆಗಲ ಮೇಲಿಂದ ಹಿಂದಕ್ಕೆ ಒಗೆಯುವವ. ನಾನು ಕೊಪ್ಪಳದಲ್ಲಿ ಹುಡುಗರಿಗೆ ಎಲೆಕ್ಟ್ರಿಷಿಯನ್ ಕೆಲಸ ಕಲಿಸುವ ಮೇಡಂ. ರಜೆಗೆ ಊರಿಗೆ ಬಂದರೆ ನಾನು ಮನೆಯಲ್ಲಿ ಇರುತ್ತಿದ್ದುದಕ್ಕಿಂತ ಆ ಕಾರಿನ ಕೆಳಗೆ ಇರುತ್ತಿದ್ದುದೇ ಹೆಚ್ಚು. ನೀನು ಒಮ್ಮೆಯೂ ಅದರ ಬಾನೆಟ್ ಎತ್ತಿದವನಲ್ಲ, ಎತ್ತಿದ್ದು ಬರೀ ಗುಂಡು. ನಿವೃತ್ತನಾದ ಅಪ್ಪ ‘ಇನ್ನು ನನ್ನಿಂದ ಓಡಿಸಲಾಗದು’ ಎಂದಾಗ ನಾನು ಕೀಲಿ ಕೇಳಿದೆ. ಅಪ್ಪ ನಕ್ಕುಬಿಟ್ಟ.

“ಈ ಗಾಡಿಗಿ ರಟ್ಟಿ ಬೇಕವ್ವಾ. ಅಮಾಸಿ ದಿನ ಕಟ್ಟಿ ಮುಂದ ಇಬ್ರೂ ಬರ್ರಿ. ನಿಂತಲ್ಲೇ ಈ ಕಡಿಂದ ಆ ಕಡಿ ಪೂರಾ ಸ್ಟೇರಿಂಗ್ ಯಾರ್ ತಿರುವ್ತೀರಿ, ಕೀಲಿ ಅವ್ರಿಗಿ.”

ನಿನಗೆ ಕೊಡಬೇಕೆಂದೇ ಕಟ್ಟಿದ ಪಂದ್ಯ ಅದು. ಸಿಟ್ಟು ಬಂತು — ಎಷ್ಟು ಬಂತೆಂದರೆ — ಇರಲಿ. ಸಿಟ್ಟನ್ನು ಇಲ್ಲಿ ನೆಪವಾಗಿ ತರಲಾರೆ.

ಬ್ರೇಕು ತೋರಿಸಬೇಕು ಎಂದು ಸುಳ್ಳು ಹೇಳಿ ಕಾರನ್ನು ಗಂಗಾವತಿಗೆ, ಮಹಬೂಬ್ ಮಾಮಾನ ಗ್ಯಾರೇಜಿಗೆ ಒಯ್ದೆ. ಒಯ್ದೆ ಅಂದರೇನು, ಓಡಿಸಿಕೊಂಡು ಬಂದವನು ನೀನೇ. ನಾನು ಪಕ್ಕದಲ್ಲಿ ಕುಳಿತು ಮಿರ್ಚಿ ತಿನ್ನುತ್ತಾ ನಿನಗೂ ಎರಡು ಕೊಟ್ಟಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ನಿನ್ನನ್ನು ಬಸ್ಸು ಹತ್ತಿಸಿದ ಮೇಲೆ ಕೆಲಸ ಶುರುವಾಯಿತು. ಗುಜರಿಗೆ ಬಂದ ಸಣ್ಣ ಕಾರೊಂದರ ಎಲೆಕ್ಟ್ರಿಕ್ ಪವರ್ ಸ್ಟೇರಿಂಗ್ ಮೋಟಾರು ಬಿಚ್ಚಿ, ನಮ್ಮ ಕಾರಿನ ಸ್ಟೇರಿಂಗ್ ಕಂಬಿಯನ್ನು ನಡುವೆ ಕತ್ತರಿಸಿ, ಅಲ್ಲಿ ಕೂಡಿಸಿದೆವು. ವೆಲ್ಡಿಂಗ್ ಮಾಮಾನದು, ವೈರಿಂಗ್ ಪೂರ್ತಿ ನನ್ನದು — ಕೀಲಿ ಹಾಕದಿದ್ದರೂ ಓಡುವಂತೆ ನೇರ ಬ್ಯಾಟರಿಯಿಂದಲೇ. ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಕಪ್ಪು ರೆಕ್ಸಿನ್ ಸುತ್ತಿದ ಮೇಲೆ ಮೋಟಾರು ಇದೆಯೆಂದು ಯಾರಿಗೂ ಗೊತ್ತಾಗುವಂತಿರಲಿಲ್ಲ. ಸ್ವಿಚ್ಚು ಎಲ್ಲಿಡುವುದು? ಆ ಕಾರಿನಲ್ಲಿ ಚಳಿ ದೇಶದವರು ಇಟ್ಟ ಒಂದು ಹೀಟರ್ ನಾಬ್ ಇದೆ. ನಮ್ಮ ಕೊಪ್ಪಳದ ಬಿಸಿಲಲ್ಲಿ ಹೀಟರಿಗೆ ಕೈ ಹಾಕುವ ಹುಚ್ಚ ಯಾರಿದ್ದಾನೆ! ಅದನ್ನೇ ಸ್ವಿಚ್ಚು ಮಾಡಿದೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಪಂದ್ಯದ ವಿಷಯ ಮಾಮಾನಿಗೆ ಹೇಳಿರಲಿಲ್ಲ. ಅವನು ತನ್ನ ಪಾಡಿಗೆ ಒಂದು ಎಚ್ಚರಿಕೆ ಕೊಟ್ಟ: “ಬೇಟಿ, ನಾಬ್ ಬಂದ್ ಇದ್ದಾಗ ಮೋಟಾರ್ ಸುಮ್ನ ಹೊರಿ ಆಗ್ತೈತಿ. ಮೊದ್ಲಿಗಿಂತ ಭಾಳ ಬಿಗಿ ಬರ್ತೈತಿ, ನೆಪ್ಪಿರ್ಲಿ.”

ನೆನಪಿತ್ತು ಅಣ್ಣಾ. ಚೆನ್ನಾಗಿ ನೆನಪಿತ್ತು.

ಅಮಾವಾಸ್ಯೆಯ ಗಾಡಿ ಪೂಜೆ ಮುಗಿದು, ಊರ ಕಟ್ಟೆಯ ಮುಂದೆ ಜನ ಕೂಡಿದ ಮೇಲೆ ಮೊದಲು ನೀನು ಕುಳಿತೆ. ನಾಬ್ ಬಂದ್ ಇತ್ತು. ಕತ್ತಿನ ನರ ಉಬ್ಬಿಸಿ ಅರ್ಧದವರೆಗೆ ತಂದೆ. ಅಲ್ಲಿಂದ ಆಚೆ ಅದು ಕದಲಲಿಲ್ಲ. ಆಮೇಲೆ ನಾನು ಕುಳಿತೆ. ಸೆರಗು ಸರಿಮಾಡಿಕೊಳ್ಳುವಂತೆ ಬಗ್ಗಿ ನಾಬ್ ತಿರುವಿದೆ. ಎರಡು ಬೆರಳಿಗೆ ಬರುತ್ತಿತ್ತು ಸ್ಟೇರಿಂಗ್. ಆದರೂ ತುಟಿ ಕಚ್ಚಿದೆ, ಮುಲುಗಿದೆ, ಕಣ್ಣು ಬೇರೆ ಮುಚ್ಚಿದೆ. ನಾಟಕ ಕಂಪನಿಯವರು ನೋಡಿದ್ದರೆ ಅಂದೇ ಕರೆದೊಯ್ಯುತ್ತಿದ್ದರು. ಕಟ್ಟೆಯವರು ಸೀಟಿ ಹೊಡೆದರು. ನೀನು ನಿನ್ನ ಅಂಗೈಗಳನ್ನು ನೋಡಿಕೊಳ್ಳುತ್ತಾ ಮೆಲ್ಲಗೆ ಕೇಳಿದೆ: “ನನ್ನ ಕೈಗಿ ಏನಾಗೈತಿ ಹುಲಿಗಿ?”

ಆಗಲಾದರೂ ಹೇಳಬಹುದಿತ್ತು. ನಾನು ಹೇಳಿದ್ದು —

“ವಯಸ್ಸಾತಲ್ಲೋ ಅಣ್ಣ ನಿನಗ.”

ಮೂವತ್ತು ದಾಟಿ ಎಷ್ಟು ದಿನವಾಗಿತ್ತು ನಿನಗೆ! ಎಲ್ಲರೂ ನಕ್ಕರು. ನೀನೂ ನಕ್ಕೆ. ನಕ್ಕು, ಅಪ್ಪನ ಕೈಯಿಂದ ಕೀಲಿ ತೆಗೆದುಕೊಂಡು ನೀನೇ ನನ್ನ ಕೈಗಿಟ್ಟೆ.

ಇಷ್ಟಕ್ಕೇ ಮುಗಿದಿದ್ದರೆ ತಮಾಷೆ ಎನ್ನಬಹುದಿತ್ತು. ಮರುದಿನದಿಂದ ನೀನು ಗರಡಿಯ ಕಡೆ ಹೋಗಲಿಲ್ಲ. ಕಾರಹುಣ್ಣಿಮೆಗೆ ಗುಂಡಿನ ಹತ್ತಿರ ಸುಳಿಯದೆ, ಕೊರಳಿಗೆ ಸೀಟಿ ಕಟ್ಟಿಕೊಂಡು, ತೀರ್ಪು ಹೇಳುವ ಪಂಚನಾಗಿ ಕುರ್ಚಿಯಲ್ಲಿ ಕುಳಿತೆ. ಒಮ್ಮೆ ಅತ್ತಿಗೆ ನನ್ನ ಹತ್ತಿರ ಹೇಳಿದಳು: “ನಿಮ್ಮಣ್ಣ ಕೊಡಾ ಎತ್ತುಮುಂದ ಸೈತ ಕೈ ನೋಡ್ಕೊಂತಾನ ನೋಡವ್ವಾ.” ನಾನು ಚಹಾ ಕುಡಿಯುತ್ತಿದ್ದೆ. ಪೂರ್ತಿ ಕುಡಿದು ಮುಗಿಸಿದೆ.

ಮತ್ತೆ ಅದೇ ಕಾರು ಹತ್ತಿ ಹಾಡು ಗುನುಗುತ್ತಾ ಕೊಪ್ಪಳಕ್ಕೆ ಹೋದೆ. ಸುಳ್ಳೇಕೆ ಹೇಳಲಿ, ಸುಖವಾಗಿಯೇ ಇದ್ದೆ. ಯಲಬುರ್ಗಾದ ರಸ್ತೆಯಲ್ಲಿ ಗಾಳಿ ಮುಖಕ್ಕೆ ಬಡಿಯುವಾಗ ನಿನ್ನ ಅಂಗೈ ನೆನಪಾದರೆ — ಆಕ್ಸಿಲರೇಟರ್ ಇನ್ನಷ್ಟು ಒತ್ತುತ್ತಿದ್ದೆ.

ಕಳೆದ ವಾರ ಕುಷ್ಟಗಿ ದಾಟಿ ಒಂದು ಢಾಬಾದಲ್ಲಿ ಊಟಕ್ಕೆ ನಿಲ್ಲಿಸಿದ್ದೆ. ಹೊರಡುವಾಗ ನೋಡಿದರೆ ಹಿಂದೆ ಗೋಡೆ, ಮುಂದೆ ಲಾರಿ. ನಿಂತಲ್ಲೇ ಪೂರ್ತಿ ತಿರುಗಿಸಿದರೆ ಮಾತ್ರ ಹೊರಬರಬಹುದು. ನಾಬ್ ತಿರುವಿದ್ದೇ ತಡ, ಸುಟ್ಟ ವಾಸನೆ ಬಂದು ಮೋಟಾರು ಸತ್ತಿತು. ನಾನು ಸ್ಟೇರಿಂಗಿಗೆ ಜೋತುಬಿದ್ದೆ. ಕೂದಲೆಳೆಯಷ್ಟೂ ಕದಲಲಿಲ್ಲ. ಲಾರಿಯ ಡ್ರೈವರ್ ಬಂದ. ಮನೆ ಬಾಗಿಲಲ್ಲಿ ಹಿಡಿಸದಂಥ ದೈತ್ಯ. ಅವನು ಜಗ್ಗಿ ಜಗ್ಗಿ ನಾಲ್ಕು ಬೆರಳಿನಷ್ಟು ತಿರುಗಿಸಿ ಕೈಬಿಟ್ಟ.

“ಇದು ಮನಷ್ಯಾರ ಕೈಲೆ ಆಗಂಗಿಲ್ರಿ ಮೇಡಂ.”

ನನ್ನ ಬಾಯಿ ನನ್ನನ್ನು ಕೇಳದೆಯೇ ಹೇಳಿಬಿಟ್ಟಿತು: “ನಮ್ಮಣ್ಣ ಅರ್ಧ ತಿರುವ್ಯಾನ್ರಿ.”

“ಅರ್ಧ? ಹಂಗಾರ ಅಂವ ಮನಷ್ಯಾ ಅಲ್ಲ ಬಿಡ್ರಿ, ಎತ್ತು!”

ಅವನು ನಗುತ್ತಾ ಲಾರಿಯನ್ನೇ ಮುಂದೆ ತೆಗೆದು ದಾರಿ ಮಾಡಿಕೊಟ್ಟ. ನಾನೂ ನಗಬೇಕಿತ್ತು, ಆದರೆ ಅಳು ಬಂತು. ಊರೆಲ್ಲ ಚಪ್ಪಾಳೆ ತಟ್ಟಬೇಕಾದ ಕೆಲಸವನ್ನು ನೀನು ಮಾಡಿದ್ದೆ, ಊರೆಲ್ಲ ನಗುವಂತೆ ನಾನು ಮಾಡಿದೆ.

ಭಾನುವಾರ ಬರುತ್ತೇನೆ. ಅಪ್ಪನಿಗೆ, ಕಟ್ಟೆಯವರಿಗೆ, ಗರಡಿಯವರಿಗೆ ನನ್ನ ಬಾಯಿಂದಲೇ ಹೇಳುತ್ತೇನೆ. ಮೋಟಾರನ್ನು ರಿಪೇರಿ ಮಾಡಿದ್ದೇನೆ, ಕೀಳಿಸುವುದಿಲ್ಲ. ಕೆಲಸ ಚೊಕ್ಕವಾಗಿದೆ, ಮೋಸ ಮಾಡಿದ್ದು ಅದಲ್ಲ, ನಾನು. ಕೀಲಿ ನಿನಗೆ. ಕೊಡಲು ಮನಸ್ಸಿಲ್ಲ — ಇಷ್ಟು ಹೇಳಿದ ಮೇಲೆ ಅದನ್ನೇಕೆ ಮುಚ್ಚಿಡಲಿ — ಆ ಕಾರೆಂದರೆ ನನಗೆ ಜೀವ. ಆದರೂ ಕೊಟ್ಟು, ಬಸ್ಸು ಹಿಡಿದು ವಾಪಸು ಹೋಗುತ್ತೇನೆ.

ನೀನು ಮಾತ್ರ ಸೋಮವಾರ ಬೆಳಿಗ್ಗೆ ಗರಡಿಗೆ ಹೋಗು ಅಣ್ಣಾ.