ಎರ್ರಿಸ್ವಾಮಿ ಅಣ್ಣನ ಅದಲುಬದಲು

ಎರ್ರಿಸ್ವಾಮಿ ಅಣ್ಣ ಯಾರನ್ನು ಕಂಡರೂ ಮೊದಲು ಮುಖ ನೋಡುತ್ತಿರಲಿಲ್ಲ, ಮೀನಖಂಡ ನೋಡುತ್ತಿದ್ದ. ಆಮೇಲೆ ಬಗ್ಗಿ ಹೆಬ್ಬೆರಳಿನಿಂದ ಅದನ್ನು ಒತ್ತುತ್ತಿದ್ದ, ಸಂತೆಯಲ್ಲಿ ಹೆಂಗಸರು ಬದನೆಕಾಯಿ ಒತ್ತಿ ನೋಡುವ ಹಾಗೆ. ಗಟ್ಟಿಯಿದ್ದರೆ "ನಡೀತೈತಿ" ಎನ್ನುತ್ತಿದ್ದ. ಮೆತ್ತಗಿದ್ದರೆ ಏನೂ ಹೇಳದೆ ಹೊಲಿಗೆಗೆ ಮರಳುತ್ತಿದ್ದ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಅವನದು ಟೈಲರ್ ಅಂಗಡಿ. ದಿನವಿಡೀ ಮಿಷನ್ ತುಳಿದ ಕಾಲುಗಳು ಸೈಕಲ್ ಹತ್ತಿದರೆ ದಣಿವನ್ನೇ ಅರಿಯುತ್ತಿರಲಿಲ್ಲ.

ನಾನಾಗ ಖಾಲಿ ಗೋಣಿಚೀಲದ ವ್ಯಾಪಾರಕ್ಕೆ ಕೈಹಾಕಿದ ಹೊಸತು. ಎಮರ್ಜೆನ್ಸಿಗಿಂತ ಮುಂಚಿನ ಮಾತು. ಬಳ್ಳಾರಿಯಲ್ಲಿ ಚೀಲ ಕೊಂಡು ಸಿರುಗುಪ್ಪದ ಅಕ್ಕಿ ಮಿಲ್ಲುಗಳಿಗೆ ಮಾರುತ್ತಿದ್ದೆ. ಅಪ್ಪ ಬಿಟ್ಟುಹೋದ ಆಸ್ತಿಯೆಂದರೆ ಈ ನಾಲಿಗೆ ಒಂದೇ. ಅದರಿಂದ ಗಳಿಸಿದ ಮೊದಲ ಸೊತ್ತು ನನ್ನ ಹಸಿರು ಸೈಕಲ್ಲು. ಅಂಗಡಿಯವನ ಬೆನ್ನುಬಿಡದೆ ಚೌಕಾಸಿ ಮಾಡಿ, ಕೊನೆಗೆ ಅವನೇ "ಒಯ್ಯಪ್ಪ, ಇನ್ನೊಮ್ಮೆ ಮುಖ ತೋರಿಸಬ್ಯಾಡ" ಅನ್ನುವ ಹಾಗೆ ಮಾಡಿ ತಂದದ್ದು ಅದು.

ಅಣ್ಣ ನಮ್ಮನ್ನೆಲ್ಲ ಕೂಡಿಸಿ ಕಾರವಾರದವರೆಗೆ ಸೈಕಲ್ ಮೇಲೆ ಹೋಗುವ ಮಾತೆತ್ತಿದಾಗ ಏಳು ಜನರಲ್ಲಿ ಒಬ್ಬರೂ ಸಮುದ್ರ ಕಂಡವರಲ್ಲ. ಅವನೂ ಕಂಡಿರಲಿಲ್ಲ. ಆದರೂ ಧೈರ್ಯವಾಗಿ ವರ್ಣಿಸುತ್ತಿದ್ದ: "ನಮ್ಮ ತುಂಗಭದ್ರಾ ಡ್ಯಾಮಿಗೆ ಆಚೀ ದಂಡಿ ಇಲ್ಲಂತ ತಿಳ್ಕೋರಿ. ಅದೇ ಸಮುದ್ರ."

ಪ್ರತಿ ಭಾನುವಾರ ತಾಲೀಮು. ಮೊದಲು ಸಂಗನಕಲ್ಲು ಗುಡ್ಡದ ತನಕ, ಆಮೇಲೆ ಕುರುಗೋಡು, ಮೈ ಪಳಗಿದ ಮೇಲೆ ಕುರುಗೋಡಿನಿಂದ ಸಿರುಗುಪ್ಪ ಮುಟ್ಟಿ ಬಳ್ಳಾರಿಗೆ ವಾಪಸು. ಎದುರುಗಾಳಿಗೆ ಒಬ್ಬರ ಹಿಂದೊಬ್ಬರು. ಮುಂದಿನವನು ದಣಿದರೆ ಸಾಲಿನ ಕೊನೆಗೆ. "ಹೊಟ್ಟಿತುಂಬ ಉಂಡ್ರ ಗುಡ್ಡ ಹತ್ತಂಗಿಲ್ಲ, ಉಪವಾಸ ಇದ್ರ ಗುಡ್ಡ ಕಾಣಂಗಿಲ್ಲ" ಎಂದು ಅಣ್ಣ ಹೇಳಿ, ದಾರಿಯಲ್ಲಿ ಒಂದೊಂದೇ ಹಿಡಿ ಶೇಂಗಾ ಹಂಚುತ್ತಿದ್ದ. ಸಾಮಾನು ಕೊಳ್ಳುವ ಕೆಲಸ ನನ್ನದು. ಆಗ ಕಲಿತದ್ದನ್ನು ಇಂದಿಗೂ ಕೇಳಿದವರಿಗೆಲ್ಲ ಹೇಳುತ್ತೇನೆ. ದೂರದ ದಾರಿಗೆ ಹೊಸ ಸೀಟು ಹಾಕಿಸಬೇಡಿ, ಹಳೆಯದು ನಿಮ್ಮ ಮೈಗೆ ಒಗ್ಗಿರುತ್ತದೆ. ಟ್ಯೂಬಿಗೆ ಗಾಳಿ ಹಾಕಿಸಿ, ನೀರಲ್ಲಿ ಮುಳುಗಿಸಿ ನೋಡದೆ ಕಾಸು ಬಿಚ್ಚಬೇಡಿ.

ಅವನ ಒಂದು ಕಟ್ಟಳೆ ಮಾತ್ರ ನನಗೆ ಹಿಡಿಸಲಿಲ್ಲ. ವಾರಕ್ಕೊಮ್ಮೆ ಸೈಕಲ್ಲು ಅದಲುಬದಲು. ಈ ವಾರ ನಿನ್ನದು ಅವನಿಗೆ, ಅವನದು ಇನ್ನೊಬ್ಬನಿಗೆ.

"ದಾರ್ಯಾಗ ಒಬ್ಬಂದು ಮುರಿದ್ರ ಇನ್ನೊಬ್ಬಂದು ತುಳಿಯಾಕ ಬರಬೇಕು. ನಂದು ನಿಂದು ಅನ್ನೋದು ಇಲ್ಲೇ ಬಿಟ್ಟು ಬರ್ರಿ" ಎಂದ.

"ಹೊರಡೋ ದಿನ ಹೆಂಗಣ್ಣ?" ಎಂದು ನಾನು ಕೇಳಿದೆ.

"ಹೊರಡೋ ದಿನ ಅವರವರದು ಅವರಿಗೆ. ನಿನ್ನ ಸೈಕಲ್ ನಾ ತಿಂತೀನೇನಲೇ, ಪಂಪಾಪತಿ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ನನ್ನ ಸೈಕಲ್ಲನ್ನು ಪರರು ತುಳಿಯುವುದನ್ನು ಹಿಂದಿನಿಂದ ನೋಡುತ್ತ ಸಿರುಗುಪ್ಪದ ದಾರಿಯುದ್ದಕ್ಕೂ ಹೊಟ್ಟೆ ಉರಿದುಕೊಂಡಿದ್ದೇನೆ. ಆದರೆ ಬರಬರುತ್ತ ಉರಿ ತಣ್ಣಗಾಯಿತು. ವ್ಯಾಪಾರದಲ್ಲಿ ಒಡಹುಟ್ಟಿದವರನ್ನೇ ನಂಬದ ನಾನು ಈ ಆರು ಜನರನ್ನು ನಂಬತೊಡಗಿದ್ದೆ.

ಕೊನೆಯ ವಾರ ಅಣ್ಣನ ಹಳೇ ಕಪ್ಪು ಸೈಕಲ್ಲು ನನ್ನ ಪಾಲಿಗೆ ಬಂತು, ನನ್ನದು ಅವನ ಪಾಲಿಗೆ. ಶುಕ್ರವಾರ ಹೊರಡುವುದೆಂದು ನಿಶ್ಚಯ. ಬುಧವಾರ ಅವನು ಕರೆದು ಹೇಳಿದ: "ದಾರಿಗೆ ಅವಲಕ್ಕಿ ಬೇಕು. ಸಿರುಗುಪ್ಪದ ಕಡೆ ಕರೂರಿನ್ಯಾಗ ಛಲೋ ಸಿಗತೈತಿ. ನಿನ್ನಂಗ ಚೌಕಾಸಿ ಮಾಡೋರು ನಮ್ಮೊಳಗ ಯಾರದಾರ? ನೀನೇ ಹೋಗು. ಅಲ್ಲೇ ವಸ್ತಿ ಇದ್ದು ನಾಳೆ ಬಾ."

ನನ್ನ ಎದೆ ಉಬ್ಬಿತು. ಯಾರಾದರೂ ನಿಮ್ಮ ಜಾಣತನವನ್ನು ಹೊಗಳಿ ಕೆಲಸ ಹೇಳಿದರೆ, ಒಂದು ಗಳಿಗೆ ನಿಂತು ಯೋಚಿಸಿ. ನಾನು ನಿಲ್ಲಲಿಲ್ಲ.

ಮರುದಿನ ಅವಲಕ್ಕಿ ಮೂಟೆ ಹೇರಿಕೊಂಡು ವಾಪಸು ಬರುವಾಗ, ಸಂಗನಕಲ್ಲಿನ ಹತ್ತಿರ ಮುಂದಿನ ಫೋರ್ಕು ಕಟಕ್ಕನೆ ಮುರಿಯಿತು. ಮೊಣಕೈ ತರಚಿ ರಸ್ತೆಯಲ್ಲಿ ಬಿದ್ದಿದ್ದರೂ ನನಗಿದ್ದ ಚಿಂತೆ ಒಂದೇ: ಅಣ್ಣನ ಸೈಕಲ್ ಮುರಿದೆ, ಇನ್ನು ಅವನು ಬರುವುದು ಹೇಗೆ, ಅವನಿಲ್ಲದೆ ನಾವು ಹೋಗುವುದು ಹೇಗೆ? ಮುರುಕು ಸೈಕಲ್ಲು ಹೆಗಲ ಮೇಲೆ, ಮೂಟೆ ತಲೆಯ ಮೇಲೆ. ನಡೆಯುತ್ತ ನಡೆಯುತ್ತ ಒಂದು ತೀರ್ಮಾನಕ್ಕೆ ಬಂದೆ. ನನ್ನ ಹಸಿರು ಸೈಕಲ್ಲು ಅವನಿಗೇ ಇರಲಿ. ನಾನು ಯಾವುದಾದರೂ ಬಾಡಿಗೆ ಸೈಕಲ್ ಹಿಡಿದರಾಯಿತು. ಹುಟ್ಟಿದಾಗಿನಿಂದ ಚೌಕಾಸಿಯಿಲ್ಲದೆ ನಾನು ಒಪ್ಪಿದ ಕರಾರು ಅದೊಂದೇ.

ಅಂಗಡಿ ಮುಚ್ಚಿತ್ತು. ಹಿಂದೆಯೇ ಮನೆ. ಅಣ್ಣನ ಹೆಂಡತಿ ನೀಲಮ್ಮಕ್ಕ ಹೊರಗೆ ಬಂದಳು.

"ಅವರೆಲ್ಲ ಇವತ್ತು ನಸುಕಿನ್ಯಾಗೇ ಹೋದ್ರಲ್ಲಪ್ಪ. ನೀ ಬರಾಕ ಒಲ್ಲೆ ಅಂದಿ ಅಂತ, ಸೈಕಲ್ ಅಷ್ಟು ಕೊಟ್ಟಿ ಅಂತ ಹೇಳಿದ್ರು?" ಎಂದಳು. ಆಮೇಲೆ ನನ್ನ ಹೆಗಲ ಮೇಲಿದ್ದದ್ದನ್ನು ನೋಡಿ, "ಬೆಸುಗಿ ಬಿಡ್ತೇನು? ಭಾಳ ದಿನ ಬರಂಗಿಲ್ಲ ಅಂತ ವೆಲ್ಡಿಂಗಿನವ ಮೊದಲೇ ಹೇಳಿದ್ನಂತ" ಎಂದಳು.

ಅವಳಿಗೆ ಪಾಪ ಏನೂ ಗೊತ್ತಿರಲಿಲ್ಲ. ಒಳಗೆ ಹೋಗಿ ಕಾಗದದ ಪೊಟ್ಟಣ ತಂದುಕೊಟ್ಟಳು. ಸೀಟಿನ ಭಾಗಕ್ಕೆ ಎರಡು ಪದರ ಬಟ್ಟೆಯಿಟ್ಟು ಏಳೂ ಜನರಿಗೆ ಅಣ್ಣ ಹೊಲಿದ ಚಡ್ಡಿಗಳಲ್ಲಿ ನನ್ನದು. ಇಸ್ತ್ರಿಯನ್ನೂ ಮಾಡಿದ್ದ. ಮೊಣಕೈಯ ರಕ್ತ ಒರೆಸಿಕೊಳ್ಳಲು ಅದೇ ಆಯಿತು.

ಎರಡು ವಾರದ ಮೇಲೆ ಅಣ್ಣ ಸೈಕಲ್ಲು ತಂದು ನನ್ನ ಬಾಗಿಲಲ್ಲಿ ನಿಲ್ಲಿಸಿದ. ತೊಳೆದು, ಎಣ್ಣೆ ಬಿಟ್ಟು, ಬೆಲ್ಲನ್ನೂ ಉಜ್ಜಿ ತಂದಿದ್ದ. ಆದರೆ ರಿಮ್ಮಿನಲ್ಲಿ ಆಗಲೇ ಉಪ್ಪಿನ ತುಕ್ಕು ಇಣುಕಿತ್ತು. ಮಡ್‌ಗಾರ್ಡಿನ ಒಳಗೆ ಬೆರಳಾಡಿಸಿದರೆ ಮರಳು. ನಮ್ಮ ಹಗರಿ ಹೊಳೆಯ ಮರಳಿನಂಥದಲ್ಲ, ನುಣ್ಣಗಿತ್ತು.

"ನಿನ್ನ ಸೈಕಲ್ ಸಮುದ್ರ ನೋಡೇತಲೇ" ಎಂದ.

"ಒಂದು ಮಾತು ಕೇಳಬೇಕಿತ್ತಲ್ಲಣ್ಣ."

"ಕೇಳಿದ್ರ ನೀ ಚೌಕಾಸಿ ಮಾಡ್ತಿದ್ದಿ."

ಸಂಗನಕಲ್ಲಿನಿಂದ ನಡೆದು ಬರುವಾಗ ನಾನು ಮಾಡಿದ್ದ ತೀರ್ಮಾನ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಅದನ್ನೂ ಒಂದು ಚೌಕಾಸಿ ಎಂದುಕೊಳ್ಳುತ್ತಿದ್ದನೇನೋ. ಸೈಕಲ್ಲನ್ನು ಒಳಗೆ ತಳ್ಳಿಕೊಂಡು ಹೋದೆ. ಉಳಿದ ಐವರು "ಕಡೀ ಗಳಿಗ್ಯಾಗ ಹೆದರಿಬಿಟ್ಟೆಲ್ಲೋ" ಎಂದು ಛೇಡಿಸಿದಾಗಲೂ ತಿದ್ದಲಿಲ್ಲ. ಮೋಸ ಹೋದವನೆಂದು ಊರಿಗೆ ಗೊತ್ತಾದರೆ ನಾಳೆ ನನ್ನ ಹತ್ತಿರ ಚೀಲದ ರೇಟು ಯಾರು ಕೇಳುತ್ತಾರೆ? ಪುಕ್ಕಲನೆನಿಸಿಕೊಳ್ಳುವುದೇ ಲಾಭವೆಂದು ಸುಮ್ಮನಾದೆ.

ಬಹಳ ವರ್ಷಗಳ ಮೇಲೆ, ನನಗೆ ಸ್ವಂತ ಗೋದಾಮು ಆದ ಮೇಲೆ, ಅವನನ್ನು ಕೊನೆಯ ಸಲ ಕಂಡದ್ದು ಕುರುಗೋಡಿನಲ್ಲಿ. ಕಣ್ಣು ಮಂಜಾಗಿ ಅಂಗಡಿ ಮುಚ್ಚಿ ಮಗಳ ಮನೆಯಲ್ಲಿದ್ದ. ಚಹಾದಂಗಡಿಯ ಕಟ್ಟೆಯ ಮೇಲೆ ಕೂತು ಸುತ್ತಲಿನವರಿಗೆ ಕಾರವಾರದ ಕಥೆ ಹೇಳುತ್ತಿದ್ದ. ನನ್ನ ದನಿಯಿಂದ ಗುರುತು ಹಿಡಿದ.

"ಇವನೂ ಬರಬೇಕಾಗಿತ್ತು. ಕಡೀ ಗಳಿಗ್ಯಾಗ ಒಲ್ಲೆ ಅಂದ" ಎಂದು ಅವರಿಗೆ ಹೇಳಿದ. ದನಿಯಲ್ಲಿ ಅಳುಕಿರಲಿಲ್ಲ. ಹೇಳಿ ಹೇಳಿ ಅವನಿಗೇ ಅದು ನಿಜವಾಗಿತ್ತು.

"ಹೌದ್ರಿ, ನಾ ಒಲ್ಲೆ ಅಂದೆ" ಎಂದೆ. "ಸೈಕಲ್ ಅಷ್ಟು ಕಳಿಸಿದ್ದೆ."

ಕಟ್ಟೆಯವರು ನಕ್ಕರು. ಅಣ್ಣ ನಗಲಿಲ್ಲ. ಕೈ ತಡವರಿಸುತ್ತ ಮುಂದೆ ಬಂತು, ಪಂಚೆಯ ಮೇಲಿಂದಲೇ ನನ್ನ ಮೀನಖಂಡ ಹುಡುಕಿ ಹೆಬ್ಬೆರಳಿನಿಂದ ಒತ್ತಿತು.

"ಮೆತ್ತಗಾಗೇತಿ" ಎಂದ.

ಅವನು ತೀರಿಹೋದ ಸುದ್ದಿ ಬಂದಾಗ ನಾನು ಸಿರುಗುಪ್ಪದ ಮಿಲ್ಲೊಂದರಲ್ಲಿ ಚೀಲ ಎಣಿಸುತ್ತಿದ್ದೆ. ಕುರುಗೋಡಿನ ಬಸ್ಸು ಎದುರಿಗೇ ನಿಂತಿತ್ತು. ಅದು ಹೊರಟು ಮರೆಯಾಗುವ ತನಕ ನೋಡಿದೆ. ಎಣಿಕೆ ತಪ್ಪಿಹೋಗಿತ್ತು. ಮತ್ತೆ ಮೊದಲಿನಿಂದ ಎಣಿಸಿದೆ.