ಸಾಸ್ ಬಿದ್ದ ಸೀರೆಯ ದೃಷ್ಟಿಹೂವು

ಕಳೆದ ವಾರ ನಮ್ಮ ಅತ್ತೆ ಜಪಾನಿನ ತರಕಾರಿ ಜ್ಯೂಸ್ ಕುಡಿದರು. ಒಂದೇ ಗುಟುಕು.

"ಇದಕ್ಕೊಂದ್ ಒಗ್ಗರಣಿ ಕೊಡವ್ವಾ. ಸಾರರ ಆದೀತು," ಎಂದು ಲೋಟವನ್ನು ನನ್ನ ಕಡೆ ಸರಿಸಿದರು.

ಹುಬ್ಬಳ್ಳಿಯಿಂದ ನಾದಿನಿ ತಂದ ಬಾಟಲಿ ಅದು. ನನಗೋ ಲೇಬಲ್ ಓದುವ ಚಟ (ಕಾನ್ವೆಂಟಿನ ಸಿಸ್ಟರ್ ಹಚ್ಚಿದ್ದು, ಇನ್ನೂ ಬಿಟ್ಟಿಲ್ಲ). ಲೇಬಲ್ ಸಾಲದೆ ಮೊಬೈಲಿನಲ್ಲೂ ಕಂಪನಿಯ ಕಥೆ ಹುಡುಕಿದೆ. ಮೊದಲು ಅದು ಒಬ್ಬ ರೈತನ ಹೊಲವಂತೆ. ಟೊಮೆಟೊ ಬೆಳೆದ. ವಾಸನೆ ಅಂತ ಯಾರೂ ಮುಟ್ಟಲಿಲ್ಲ. ಉಳಿದ ಹಣ್ಣು ಕುದಿಸಿ ಸಾಸ್ ಮಾಡಿದ. ಆಮೇಲೆ ಕೆಚಪ್ ಬಂತು, ಜ್ಯೂಸ್ ಬಂತು, ಜ್ಯೂಸಿನೊಳಗೆ ಗಜ್ಜರಿಯೂ ಬಂತು. ಈಗ ದೇಶ ದೇಶಗಳಲ್ಲಿ ವ್ಯಾಪಾರ. ಗಜೇಂದ್ರಗಡದ ನಮ್ಮ ಅಡುಗೆಕಟ್ಟೆಗೂ ಬಂದು ಕೂತಿದೆ!

ಬಾಟಲಿಯ ಅಂಚಿನಲ್ಲಿ ಒಂದು ಕೆಂಪು ಹನಿ ನಿಂತಿತ್ತು. ಕಂಡದ್ದೇ ತಡ, ಹಳೆಯದೊಂದು ಹನಿ ನೆನಪಾಯಿತು.

ಆಗ ನಾನು ಹೊಸ ಸೊಸೆ. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಅತ್ತೆ ಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ಮಗ್ಗದ ಕೋಣೆಗೆ ತಿನ್ನುವ ಪದಾರ್ಥ ಒಯ್ಯುವಂತಿಲ್ಲ. ನೀರು ಸಹ! ನಾನು ಹಾಸ್ಟೆಲ್ ರುಚಿ ಬಿಡಲಾರದೆ ತವರಿನಿಂದ ಸಾಸ್ ಬಾಟಲಿ ತಂದುಕೊಂಡವಳು. ಒಂದು ಮಧ್ಯಾಹ್ನ ಸಾಸ್ ಸವರಿದ ಚಪಾತಿ ಸುರುಳಿ ತಿನ್ನುತ್ತ ಒಳಗೆ ಇಣುಕಿದೆ. ಯಾರೂ ಇರಲಿಲ್ಲ. ಮಗ್ಗಕ್ಕೆ ಬಿಗಿದ ಹಾಲುಬಣ್ಣದ ಹಾಸಿನ ಎಳೆಗಳ ಮೇಲೆ ಬಿಸಿಲು. ಚಂದ ಅಂತ ಬಗ್ಗಿದೆ.

ಒಂದು ಹನಿ. ಇನ್ನೂ ನೇಯದ ಎಳೆಗಳ ಮೇಲೆ. ಒರೆಸಿದೆ, ಇನ್ನಷ್ಟು ಹರಡಿತು.

ಅದು ನರಗುಂದದ ಕಾಳಿನ ವ್ಯಾಪಾರಿಯ ಮಗಳ ಮದುವೆ ಸೀರೆ. ಕಲೆ ಕಂಡರೆ ವಾಪಸ್. ಅತ್ತೆಯ ಹೆಸರಿನ ಗತಿ?

ಹೇಳಬೇಕಿತ್ತು. ಹೇಳಲಿಲ್ಲ. ಹೋಗಿ ಪಾತ್ರೆ ತಿಕ್ಕತೊಡಗಿದೆ.

ಅತ್ತೆ ಯಾರನ್ನೂ ಕೇಳಲಿಲ್ಲ. ನೇಯ್ಗೆ ಆ ಜಾಗಕ್ಕೆ ಬಂದಾಗ ಕೆಂಪು ರೇಷ್ಮೆ ಎಳೆ ಸೇರಿಸಿ ಕಲೆ ಮುಚ್ಚುವಂತೆ ಒಂದು ಹೂ ನೇಯ್ದರು. ಇಡೀ ಸೀರೆಗೆ ಅದೊಂದೇ ಹೂ. ಒಯ್ಯಲು ಬಂದ ಮದುಮಗಳ ತಾಯಿ, "ಇದೇನ್ರಿ, ಒಂದ ಹೂವಾ?" ಅಂದರು. ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ.

"ದೃಷ್ಟಿಬೊಟ್ಟರಿ. ಮದಿಮಗಳ ಸೀರಿ ಅಲ್ಲೇನ್ರಿ?" ಅತ್ತೆ ತಣ್ಣಗೆ ಹೇಳಿದರು.

ಆಮೇಲೇನಾಯ್ತು ಅಂತೀರಿ? ನರಗುಂದದಿಂದ, ರೋಣದಿಂದ "ನಮಗೂ ದೃಷ್ಟಿಹೂವಿನ ಸೀರಿ ಬೇಕ್ರಿ" ಎಂದು ಜನ ಬರತೊಡಗಿದರು! ಎಷ್ಟೋ ವರ್ಷ ಅತ್ತೆ ಅದನ್ನೇ ನೇಯ್ದರು. ಈಗ ಅವರ ಮೊಣಕಾಲು ಕುಣಿಗೆ ಇಳಿಯುವುದಿಲ್ಲ.

ಆ ಜ್ಯೂಸಿನ ಲೋಟ ಹಿಡಿದುಕೊಂಡೇ ಹೇಳಿಬಿಟ್ಟೆ. "ಅತ್ತಿ, ಆ ಮದುವಿ ಸೀರಿ ಮ್ಯಾಲಿನ ಕಲಿ... ಅದು ನಾ ಮಾಡಿದ್ದರಿ."

ಅತ್ತೆ ಬೊಚ್ಚುಬಾಯಿ ತುಂಬ ನಕ್ಕರು. "ಗೊತ್ತೈತಿ ಬಿಡ! ಇಡೀ ಓಣ್ಯಾಗ ಚಪಾತಿಗೆ ಸಾಸ್ ಹಚಗೊಂಡ ತಿನ್ನಾಕಿ ನೀ ಒಬ್ಬಾಕಿನ ಇದ್ದಿ."

"ಮತ್ತ ಬೈಲಿಲ್ಲ ಯಾಕ್ರಿ?"

"ಬೈದಿದ್ರ ನೀ ಮಗ್ಗದ ಕೋಣ್ಯಾಗ ಮತ್ತ ಕಾಲ ಇಡ್ತಿದ್ದೇನ? ನನಗ ನೂಲ ಸುತ್ತಿ ಕೊಡಾಕ ಯಾರಿದ್ರು?"

ಖರೇ. ಆ ಕಲೆ ಬಿದ್ದ ಮರುದಿನದಿಂದಲೇ ನೂಲು ಸುತ್ತಲು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದರು.

ಸಂಜೆ ಕಂಪನಿಯ ಕಥೆಯನ್ನು ಮತ್ತೊಮ್ಮೆ ಓದಿದೆ. ರೈತ ಇದ್ದಾನೆ, ಹೊಲ ಇದೆ, ಕಾರ್ಖಾನೆ ಇದೆ. ಅವನ ಮೊದಲ ಸಾಸೂ ಒಂದು ದಿನ ತಳ ಹತ್ತಿರಬೇಕಲ್ಲ? ಅವತ್ತು ಅವನನ್ನು ಬೈಯದೆ ಆ ಪಾತ್ರೆ ತಿಕ್ಕಿಟ್ಟವರು ಯಾರು ಅಂತ ಮಾತ್ರ ಎಲ್ಲೂ ಬರೆದಿಲ್ಲ.